ಎದೆಬಡಿತದ ತಾಳ ಎಲ್ಲಿ ತಪ್ಪುತ್ತದೆ? ನಿಮ್ಮ ಪ್ರಶ್ನೆ, ವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಆಸ್ಪತ್ರೆಗಳಲ್ಲಿ ‘ಎಎಫ್’ ಎನ್ನುವ, ಬಡಿತ ತಾಳ ತಪ್ಪುವ ತೊಂದರೆಯ ಬಗ್ಗೆ ಇವೆ. ಉತ್ತರಕ್ಕೆ ಮೊದಲು ಒಂದು ಮಾತು. ಬಹುತೇಕ ಎಲ್ಲರೂ ‘ನರ’ ಎಂದು ಬರೆದಿದ್ದೀರಿ. ಆಡುಮಾತಿನಲ್ಲಿ ಮುಂಗೈಯ ನೀಲಿ ರಕ್ತನಾಳವೂ ನರ, ಮಿದುಳಿನಿಂದ ಇಳಿಯುವ ತಂತುವೂ ನರ. ಇಲ್ಲಿ ಆ ಗೊಂದಲ ಬೇಡ. ಹೃದಯಕ್ಕೆ ರಕ್ತ ತರುವುದು ಅಭಿಧಮನಿ, ಹೃದಯದಿಂದ ಒಯ್ಯುವುದು ಅಪಧಮನಿ, ಸುದ್ದಿ ಸಾಗಿಸುವುದು ನರ.

ಪ್ರಶ್ನೆ: ನನಗೆ 58 ವರ್ಷ. ಆಗಾಗ ಎದೆ ಡವಗುಟ್ಟಿ ಬಡಿತ ಅಡ್ಡಾದಿಡ್ಡಿಯಾಗುತ್ತದೆ, ಕೆಲವು ಗಂಟೆ ಇದ್ದು ತಾನೇ ಸರಿಹೋಗುತ್ತದೆ. ಎಎಫ್ ಅಂದರು. ಅದು ಶ್ವಾಸಕೋಶದ ನರದಿಂದ ಬರುತ್ತದೆಯಂತೆ. ನನ್ನ ಶ್ವಾಸಕೋಶಕ್ಕೆ ಏನೂ ಆಗಿಲ್ಲ, ಆಂಜಿಯೋಗ್ರಾಂ ಕೂಡ ನಾರ್ಮಲ್. ಹಾಗಾದರೆ ಇದೆಂಥದು?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ವೈದ್ಯರು ಹೇಳಿದ್ದು ಸರಿ, ಆದರೆ ಅರ್ಧಕ್ಕೇ ನಿಲ್ಲಿಸಿದ್ದಾರೆ. ತೊಂದರೆ ಶ್ವಾಸಕೋಶದಲ್ಲಿಲ್ಲ. ಅಲ್ಲಿಂದ ಶುದ್ಧ ರಕ್ತ ಹೊತ್ತು ತರುವ ಅಭಿಧಮನಿಗಳು ಹೃದಯವನ್ನು ಸೇರುವ ಬಾಯಿಯಲ್ಲಿದೆ.

ಹೃದಯದ ಮೇಲಿನ ಎರಡು ಕೋಣೆಗಳು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಬಡಿತದ ಆಜ್ಞೆ ಹುಟ್ಟುವ ಸೈನಸ್ ನೋಡ್ ಇರುವುದು ಬಲ ಹೃತ್ಕರ್ಣದ ಮೇಲ್ತುದಿಯಲ್ಲಿ, ದೇಹದ ಮೇಲ್ಭಾಗದ ರಕ್ತ ತರುವ ದೊಡ್ಡ ಅಭಿಧಮನಿ ಒಳಬರುವ ಜಾಗದಲ್ಲಿ. ಅಲ್ಲಿಂದ ನಿಮಿಷಕ್ಕೆ 60ರಿಂದ 100 ಸಲ ಕರೆಂಟ್ ಹೊರಟು, ಎರಡೂ ಹೃತ್ಕರ್ಣಗಳನ್ನು ದಾಟಿ, ನಡುವಿನ ಎವಿ ನೋಡ್‌ನಲ್ಲಿ ಕ್ಷಣ ತಡೆದು ಕೆಳಗಿಳಿಯುತ್ತದೆ.

ಎಡ ಹೃತ್ಕರ್ಣ ಬೆನ್ನಿನ ಕಡೆಗಿದೆ, ಅನ್ನನಾಳಕ್ಕೆ ಒರಗಿಕೊಂಡಂತೆ. ಅದರ ಹಿಂಗೋಡೆಗೆ ಸಾಮಾನ್ಯವಾಗಿ ನಾಲ್ಕು ಅಭಿಧಮನಿಗಳು ಬಂದು ಸೇರುತ್ತವೆ, ಎಡ ಶ್ವಾಸಕೋಶದಿಂದ ಎರಡು, ಬಲದಿಂದ ಎರಡು. ಭ್ರೂಣದಲ್ಲಿ ಎಡ ಹೃತ್ಕರ್ಣದ ಹಿಂಭಾಗ ಬೆಳೆಯುವುದೇ ಈ ಅಭಿಧಮನಿಯ ಬುಡವನ್ನು ತನ್ನೊಳಗೆ ಸೇರಿಸಿಕೊಂಡು. ಆ ಹೊಂದಾಣಿಕೆಯ ಗುರುತು ಉಳಿದುಬಿಡುತ್ತದೆ. ಹೃದಯದ ಸ್ನಾಯು ಬಾಯಿಯಲ್ಲಿ ನಿಲ್ಲದೆ, ತೋಳಿನ ಮೇಲೆ ಅಂಗಿಯ ತೋಳು ಹೊದ್ದಂತೆ, ಅಭಿಧಮನಿಯ ಹೊರಮೈಮೇಲೆ 1ರಿಂದ 3 ಸೆಂ.ಮೀ. ದೂರ ಹಬ್ಬಿರುತ್ತದೆ. ಮೇಲಿನ ಎರಡು ಅಭಿಧಮನಿಗಳಲ್ಲಿ ಈ ತೋಳು ಉದ್ದ, ಕೆಳಗಿನವುಗಳಲ್ಲಿ ಗಿಡ್ಡ.

ಈ ಸ್ನಾಯುವಿನ ಎಳೆಗಳು ನೇರವಾಗಿಲ್ಲ. ಒಂದು ಸುತ್ತಿಕೊಂಡಿದ್ದರೆ ಪಕ್ಕದ್ದು ಓರೆ, ನಡುವೆ ಖಾಲಿ ಜಾಗ. ಕರೆಂಟ್ ಕೆಲವೆಡೆ ನಿಧಾನವಾಗುತ್ತದೆ, ಕೆಲವೆಡೆ ತಿರುಗಿ ಬಂದಲ್ಲಿಗೇ ಬರುತ್ತದೆ. ಒಂದು ಬಡಿತದ ನಂತರ ಈ ಜೀವಕೋಶಗಳು ಬೇಗ ಚೇತರಿಸಿಕೊಂಡು ಮುಂದಿನದಕ್ಕೆ ಸಿದ್ಧವಾಗುತ್ತವೆ. ಒಳಗೆ ಕ್ಯಾಲ್ಸಿಯಂ ಸೋರಿದರೆ ಆಜ್ಞೆಗೆ ಕಾಯದೆ ತಾವೇ ಸಿಡಿಯುತ್ತವೆ. ಹಾಗೆ ಸಾಲುಸಾಲಾಗಿ ಸಿಡಿದಾಗ ಹೃತ್ಕರ್ಣ ಬಡಿಯುವುದನ್ನು ಬಿಟ್ಟು ಅದುರತೊಡಗುತ್ತದೆ, ನಿಮಿಷಕ್ಕೆ 350ರಿಂದ 600 ಸಲ. ಎವಿ ನೋಡ್ ಅಷ್ಟನ್ನೂ ಕೆಳಗೆ ಬಿಡುವುದಿಲ್ಲ. ಕೈಗೆ ಸಿಕ್ಕಷ್ಟನ್ನು, ಕ್ರಮವಿಲ್ಲದೆ ಬಿಡುತ್ತದೆ. ನಿಮ್ಮ ನಾಡಿ ಅಡ್ಡಾದಿಡ್ಡಿಯಾಗುವುದು ಅದಕ್ಕೇ.

ಇದು ಖಚಿತವಾಗಿ ತಿಳಿದದ್ದು 1998ರಲ್ಲಿ. ಫ್ರಾನ್ಸಿನ ಬೋರ್ಡೋದಲ್ಲಿ ಮಿಶೆಲ್ ಹೈಸಾಗೆರ್ ಮತ್ತು ಸಂಗಡಿಗರು, ಪದೇಪದೇ ಎಎಫ್ ಬರುತ್ತಿದ್ದ 45 ಜನರ ಹೃದಯದೊಳಗೆ ತಂತಿ ಇಟ್ಟು ಕಿಡಿ ಎಲ್ಲಿ ಹೊತ್ತುತ್ತದೆಂದು ಹುಡುಕಿದರು. ಸಿಕ್ಕ 69 ಜಾಗಗಳಲ್ಲಿ 65 ಈ ಅಭಿಧಮನಿಗಳ ಒಳಗೇ ಇದ್ದವು. ಅದರಲ್ಲೂ 31 ಎಡ ಮೇಲಿನ ಅಭಿಧಮನಿಯೊಂದರಲ್ಲೇ. ಉದ್ದ ತೋಳಿನ ಕತೆ ಈಗ ಅರ್ಥವಾಯಿತಲ್ಲ?

ಆಂಜಿಯೋಗ್ರಾಂ ತೋರಿಸುವುದು ಹೃದಯದ ಸ್ನಾಯುವಿಗೆ ರಕ್ತ ಉಣಿಸುವ ಅಪಧಮನಿಗಳನ್ನು. ಈ ಬಾಯಿಗಳ ಕತೆ ಅದರಲ್ಲಿ ಬರುವುದೇ ಇಲ್ಲ.

ಈ ತೋಳು ಬಹುತೇಕ ಎಲ್ಲರಿಗೂ ಇದೆ. ಹಾಗಿದ್ದೂ ನಿಮಗೇ ಏಕೆ ಬಂತು? ಎಡ ಹೃತ್ಕರ್ಣ ಹಿಗ್ಗಿದಷ್ಟೂ ಬಾಯಿಯ ಸ್ನಾಯು ಎಳೆಯಲ್ಪಡುತ್ತದೆ, ಎಳೆದ ಸ್ನಾಯು ಬೇಗ ಸಿಡಿಯುತ್ತದೆ. ಹಿಗ್ಗಿಸುವುದು ಬಿಪಿ, ಬೊಜ್ಜು, ಗೊರಕೆಯ ನಡುವೆ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ, ಕವಾಟದ ರೋಗ. ಮದ್ಯ ಮತ್ತು ಥೈರಾಯ್ಡ್ ಹೆಚ್ಚಾಗುವುದು ಬೇರೆ ದಾರಿಯಿಂದ ಇದೇ ಕೆಲಸ ಮಾಡುತ್ತವೆ. ಆದ್ದರಿಂದ ಥೈರಾಯ್ಡಿನ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಎಕೋ, ಅಂದರೆ ಹೃದಯದ ಸ್ಕ್ಯಾನ್ ವರದಿಯಲ್ಲಿ ‘ಎಲ್‌ಎ’ ಎಂಬ ಸಾಲು ನೋಡಿ, ಅದು ಎಡ ಹೃತ್ಕರ್ಣದ ಅಳತೆ, ಸಾಮಾನ್ಯವಾಗಿ 40 ಮಿ.ಮೀ. ಒಳಗಿರಬೇಕು. ನೀವು ಗೊರಕೆ ಹೊಡೆಯುತ್ತೀರಾ ಎಂದು ಮನೆಯವರನ್ನು ಕೇಳಿ, ನಿಮ್ಮನ್ನು ಕೇಳಿದರೆ ಪ್ರಯೋಜನವಿಲ್ಲ.

ಕಿಡಿ ಬೇರೆಡೆಯೂ ಹೊತ್ತಬಹುದು. ದೇಹದ ಮೇಲ್ಭಾಗದ ದೊಡ್ಡ ಅಭಿಧಮನಿ, ಹೃದಯದ ಸ್ವಂತ ರಕ್ತ ಮರಳುವ ಕರೊನರಿ ಸೈನಸ್, ಹುಟ್ಟುವ ಮೊದಲೇ ಮುಚ್ಚಿಹೋದ ಎಡ ದೊಡ್ಡ ಅಭಿಧಮನಿಯ ಅವಶೇಷವಾದ ಮಾರ್ಷಲ್ ಅಭಿಧಮನಿ. ಎಲ್ಲವೂ ರಕ್ತ ಒಳಬರುವ ದಾರಿಗಳೇ ಎಂಬುದನ್ನು ಗಮನಿಸಿ.

ಪ್ರಶ್ನೆ: ನಾನು ನಿವೃತ್ತ ಜೀವಶಾಸ್ತ್ರ ಶಿಕ್ಷಕಿ. ನಾಲ್ಕು ಅಭಿಧಮನಿ ಎಂದೇ ಮಕ್ಕಳಿಗೆ ಪಾಠ ಮಾಡಿದವಳು. ಅವು ಹೃದಯ ಸೇರುವ ಬಾಯಿಯ ಸುತ್ತ ಸುಟ್ಟು ಅಥವಾ ಹಿಮಗಟ್ಟಿಸಿ ಎಎಫ್ ತಡೆಯುವ ಅಬ್ಲೇಶನ್ ಚಿಕಿತ್ಸೆಗೆ ಮುಂಚೆ ಮಾಡಿದ ಸಿಟಿ ಸ್ಕ್ಯಾನ್‌ನಲ್ಲಿ ಎಡಗಡೆ ಒಂದೇ ಬಾಯಿ, ಬಲಗಡೆ ಮೂರು ಎಂದು ಬಂದಿದೆ. ಹುಟ್ಟಿನ ದೋಷವೇ?
– ಓದುಗರು, ಶಿರಸಿ

ಉತ್ತರ: ದೋಷವಲ್ಲ ಮೇಡಂ, ಪಠ್ಯಪುಸ್ತಕದಲ್ಲಿ ಜಾಗ ಸಿಗದ ವೈವಿಧ್ಯ. ಎಡಗಡೆಯ ಎರಡೂ ಅಭಿಧಮನಿಗಳು ಹೃತ್ಕರ್ಣಕ್ಕೆ ತುಸು ಮುಂಚೆಯೇ ಕೂಡಿ ಒಂದೇ ಬಾಯಿಯಾಗುವುದು, ಬಲ ಶ್ವಾಸಕೋಶದ ನಡುವಿನ ಹಾಲೆಯಿಂದ ಬರುವ ಅಭಿಧಮನಿ ಬೇರೆಯಾಗಿ ತೆರೆಯುವುದು, ಇವೆರಡೂ ಆಗಾಗ ಕಾಣಸಿಗುವಂಥವೇ. ಮುಖ್ಯ ಮಾತೆಂದರೆ ಎಲ್ಲವೂ ಎಡ ಹೃತ್ಕರ್ಣವನ್ನೇ ಸೇರುತ್ತಿರಬೇಕು. ಒಂದಾದರೂ ಬಲಕ್ಕೆ ಸೇರಿದ್ದರೆ ಅದು ಬೇರೆ ಕಾಯಿಲೆ.

ಚಿಕಿತ್ಸೆ ಮಾಡುವವರಿಗೆ ಮಾತ್ರ ಈ ವರದಿ ಬೆಲೆಯುಳ್ಳದ್ದು. ಶೀತ ಬಲೂನಿನ ಅಗಲ ಸಾಮಾನ್ಯವಾಗಿ 28 ಮಿ.ಮೀ. ಎರಡು ಕೂಡಿ ಅಗಲವಾದ ಬಾಯಿಗೆ ಅದು ಬಿರಡೆಯಂತೆ ಕೂರದೆ ಪಕ್ಕದಲ್ಲಿ ರಕ್ತ ನುಸುಳಿದರೆ ಅಲ್ಲಿ ತಂಪು ತಾಗುವುದಿಲ್ಲ. ಬಲಗಡೆಯ ಮೂರನೆಯದು ಸಣ್ಣ ಬಾಯಿ, ಅದರೊಳಗೆ ಸುಟ್ಟರೆ ಮುಂದೆ ಕಿರಿದಾಗಬಹುದು. ಸಿಟಿಯ ಸಿಡಿಯನ್ನು ಜೋಪಾನವಾಗಿಡಿ, ಬರೀ ವರದಿಯ ಹಾಳೆ ಸಾಲದು.

ಪ್ರಶ್ನೆ: ಅಬ್ಲೇಶನ್ ಎಂದರೆ ನಿಜವಾಗಿ ಏನು ಮಾಡುತ್ತಾರೆ? ಏನೇನು ಕೆಡಬಹುದು? ಮುಚ್ಚುಮರೆಯಿಲ್ಲದೆ ಹೇಳಿ.
– ಓದುಗರು, ಬೆಂಗಳೂರು

ಉತ್ತರ: ಎದೆ ಕೊಯ್ಯುವುದಿಲ್ಲ. ತೊಡೆಸಂದಿನ ಅಭಿಧಮನಿಗೆ ಸೂಜಿ ಚುಚ್ಚಿ, ಅದರ ಮೂಲಕ ತೆಳು ನಳಿಕೆಗಳನ್ನು ಹೊಟ್ಟೆಯ ದೊಡ್ಡ ಅಭಿಧಮನಿ ದಾಟಿಸಿ ಬಲ ಹೃತ್ಕರ್ಣಕ್ಕೆ ತರುತ್ತಾರೆ. ಬೇಕಾದದ್ದು ಎಡ ಹೃತ್ಕರ್ಣ. ಎರಡರ ನಡುವಿನ ಗೋಡೆಯಲ್ಲಿ ಒಂದು ತೆಳು ಗುಳಿಯಿದೆ, ಗರ್ಭದಲ್ಲಿದ್ದಾಗ ಬಾಗಿಲಾಗಿದ್ದು ಹುಟ್ಟಿದ ಮೇಲೆ ಮುಚ್ಚಿಕೊಂಡದ್ದು. ಎಕೋ ನೋಡುತ್ತಾ ಅಲ್ಲೇ ಸೂಜಿ ತೂರಿಸುತ್ತಾರೆ. ಒಂದಿಷ್ಟು ಮುಂದೆ ಜರುಗಿದರೆ ಮಹಾಪಧಮನಿ, ಹಿಂದೆ ಜರುಗಿದರೆ ಹೃದಯದ ಹೊರಗೆ. ಇಡೀ ಕೆಲಸದಲ್ಲಿ ಉಸಿರು ಬಿಗಿಹಿಡಿಯುವ ಗಳಿಗೆ ಇದೇ. ಎಡಕ್ಕೆ ಹೋದಮೇಲೆ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಎಸಿಟಿ ಎಂಬ ಪರೀಕ್ಷೆ 300 ಸೆಕೆಂಡಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳುತ್ತಾರೆ.

ಆಮೇಲೆ ಅಭಿಧಮನಿಯ ಬಾಯಿಯ ಸುತ್ತ, ಹೃತ್ಕರ್ಣದ ಕಡೆಗೆ ತುಸು ಹೊರಗೆ, ಒಂದು ಸುತ್ತುಗೆರೆ ಎಳೆಯುತ್ತಾರೆ. ರೇಡಿಯೋ ತರಂಗದ ಬಿಸಿಯಿಂದ ಚುಕ್ಕಿಚುಕ್ಕಿಯಾಗಿ ಸುಡಬಹುದು, ಅಥವಾ ಶೀತ ಬಲೂನಿನಿಂದ ಒಂದೇ ಸಲಕ್ಕೆ ಹಿಮಗಟ್ಟಿಸಬಹುದು. ಬಲೂನಾದರೆ ಒಂದೊಂದು ಬಾಯಿಗೆ 3–4 ನಿಮಿಷ. ಕಿಡಿಯನ್ನು ಆರಿಸುವುದಲ್ಲ ಉದ್ದೇಶ, ಅದು ಹೊರಗೆ ಬಾರದಂತೆ ಕಟ್ಟೆ ಕಟ್ಟುವುದು. ಗದ್ದೆಯ ಬದುವಿನಂತೆ ಇದು. ಸುತ್ತೆಲ್ಲ ಗಟ್ಟಿಯಿದ್ದೂ ಏಡಿ ಕೊರೆದ ಒಂದು ಬಿಲವಿದ್ದರೆ ನೀರು ಆಚೆ ಹೋಗಿಯೇ ಹೋಗುತ್ತದೆ. ಅಬ್ಲೇಶನ್ ಆಗಿ ಮತ್ತೆ ಎಎಫ್ ಬಂದವರಲ್ಲಿ ಹೆಚ್ಚಾಗಿ ಸಿಗುವುದು ಇಂಥ ಬಿಲವೇ. ಬಾವು ಇಳಿದ ಮೇಲೆ ಅರೆಬೆಂದ ಚುಕ್ಕಿಯ ಮೂಲಕ ಕರೆಂಟ್ ಮತ್ತೆ ದಾರಿ ಮಾಡಿಕೊಂಡಿರುತ್ತದೆ. ಎರಡನೆಯ ಸಲ ಅದನ್ನು ಹುಡುಕಿ ಮುಚ್ಚುತ್ತಾರೆ.

ಬಂದುಹೋಗುವ ಎಎಫ್‌ಗೆ ಫಲ ಚೆನ್ನಾಗಿದೆ. ಒಂದು ವರ್ಷ ಕಳೆದಾಗ ಹತ್ತರಲ್ಲಿ ಏಳೆಂಟು ಜನರಿಗೆ ಮರುಕಳಿಸಿರುವುದಿಲ್ಲ. ತಿಂಗಳುಗಟ್ಟಲೆ ಬಿಡದೆ ಇರುವ ಎಎಫ್‌ನಲ್ಲಿ, ಹೃತ್ಕರ್ಣ 50 ಮಿ.ಮೀ. ದಾಟಿದವರಲ್ಲಿ, ಇಷ್ಟು ಸಿಗುವುದಿಲ್ಲ. ಅಷ್ಟು ಹೊತ್ತಿಗೆ ರೋಗ ಬಾಯಿಯನ್ನು ಬಿಟ್ಟು ಗೋಡೆಯ ತುಂಬ ಹಬ್ಬಿರುತ್ತದೆ.

ಕೆಡುವುದು ನೆರೆಹೊರೆಯಿಂದ. ತೊಡೆಸಂದಿನಲ್ಲಿ ರಕ್ತ ಕಟ್ಟುವುದು ಎಲ್ಲಕ್ಕಿಂತ ಸಾಮಾನ್ಯ, ಅದಕ್ಕೇ 4–6 ಗಂಟೆ ಕಾಲು ಮಡಚದೆ ಮಲಗಿ ಎನ್ನುವುದು. ಹೃದಯದ ಗೋಡೆ ತೂತಾಗಿ ಹೊರಚೀಲದಲ್ಲಿ ರಕ್ತ ತುಂಬುವುದು ನೂರರಲ್ಲಿ ಸುಮಾರು ಒಬ್ಬರಿಗೆ. ಪಾರ್ಶ್ವವಾಯು ಅದಕ್ಕೂ ಕಡಿಮೆ. ಬಲ ಮೇಲಿನ ಅಭಿಧಮನಿಯ ಪಕ್ಕದಲ್ಲೇ ವಪೆಗೆ, ಅಂದರೆ ಎದೆ–ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಿಗೆ ಹೋಗುವ ಫ್ರೆನಿಕ್ ನರ ಇಳಿಯುತ್ತದೆ. ಬಲೂನಿನ ತಂಪು ತಾಗಿದರೆ ವಪೆ ಮಂಕಾಗಿ ಉಬ್ಬಸ ಬರುತ್ತದೆ, ಸಾಮಾನ್ಯವಾಗಿ ವಾರ–ತಿಂಗಳುಗಳಲ್ಲಿ ಸರಿಹೋಗುತ್ತದೆ. ಅಭಿಧಮನಿಯೇ ಕಿರಿದಾದರೆ ಕೆಲವು ತಿಂಗಳ ನಂತರ ಕೆಮ್ಮು, ಕಫದಲ್ಲಿ ರಕ್ತ ಕಾಣುತ್ತದೆ. ಟಿಬಿಯೋ ನ್ಯುಮೋನಿಯಾವೋ ಎಂದು ಮಾತ್ರೆ ನುಂಗುತ್ತಾ ಕೂರಬೇಡಿ, ಅಬ್ಲೇಶನ್ ಆಗಿದೆ ಎಂದು ಮೊದಲು ಹೇಳಿ.

ಅಪರೂಪವಾದರೂ ಪ್ರಾಣಕ್ಕೆ ಎರವಾಗುವುದು ಹೃತ್ಕರ್ಣಕ್ಕೂ ಅನ್ನನಾಳಕ್ಕೂ ನಡುವೆ ತೂತು. ಎರಡರ ನಡುವಿನ ಅಂತರ ಕೆಲವೇ ಮಿಲಿಮೀಟರ್. ಅಬ್ಲೇಶನ್ ಆದ 1ರಿಂದ 6 ವಾರದೊಳಗೆ ಜ್ವರ, ನುಂಗುವಾಗ ನೋವು, ಎದೆನೋವು, ಕೈಕಾಲು ಸೋಲುವುದು, ಇವುಗಳಲ್ಲಿ ಏನೇ ಕಂಡರೂ ಅಬ್ಲೇಶನ್ ಮಾಡಿದ ಆಸ್ಪತ್ರೆಗೇ ಹೋಗಿ. ಮಾಡಬೇಕಾದದ್ದು ಎದೆಯ ಸಿಟಿ. ಎಂಡೋಸ್ಕೋಪಿ ಮಾಡಿಸಬಾರದು. ಅದರಲ್ಲಿ ಊದುವ ಗಾಳಿ ತೂತಿನ ಮೂಲಕ ಹೃದಯಕ್ಕೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸಮೀಪದ ಕ್ಲಿನಿಕ್ಕಿನಲ್ಲಿ ಎಂಡೋಸ್ಕೋಪಿಗೆ ಬರೆದುಕೊಟ್ಟರೆ ಈ ಮಾತು ನೆನಪಿರಲಿ. ಹೊಸ ಪಲ್ಸ್ಡ್ ಫೀಲ್ಡ್ ವಿಧಾನದಲ್ಲಿ ಬಿಸಿಯೂ ಇಲ್ಲ, ತಂಪೂ ಇಲ್ಲ. ಕ್ಷಣಾರ್ಧದ ವಿದ್ಯುತ್ ಹೊಡೆತಗಳು ಹೃದಯದ ಜೀವಕೋಶಗಳ ಪೊರೆಯನ್ನು ತೂತು ಮಾಡುತ್ತವೆ. ಅನ್ನನಾಳ, ನರಗಳಿಗೆ ಅದರ ಪೆಟ್ಟು ಕಡಿಮೆ.

ಮೊದಲ ಎರಡು–ಮೂರು ತಿಂಗಳಲ್ಲಿ ಬಡಿತ ಮತ್ತೆ ತಪ್ಪಿದರೆ ‘ಫೇಲ್ ಆಯಿತು’ ಎಂದುಕೊಳ್ಳಬೇಡಿ. ಗಾಯ ಮಾಯುವ ಕಾಲವದು.

ಪ್ರಶ್ನೆ: ನನಗೆ 67, ಬಿಪಿ, ಶುಗರ್ ಇದೆ. ಅಬ್ಲೇಶನ್ ಆಗಿ ಎಂಟು ತಿಂಗಳು, ಬಡಿತ ಗಡಿಯಾರದಂತಿದೆ. ರಕ್ತ ತೆಳು ಮಾಡುವ ಮಾತ್ರೆ ಬಿಡಬಹುದಲ್ಲ?
– ಓದುಗರು, ಮೈಸೂರು

ಉತ್ತರ: ಬಿಡಬಾರದು. ಎಡ ಹೃತ್ಕರ್ಣಕ್ಕೆ ಕಿವಿಯಂತೆ ಜೋತುಬಿದ್ದ ಒಂದು ಚೀಲವಿದೆ, ಅಪೆಂಡೇಜ್ ಎನ್ನುತ್ತಾರೆ. ಬಾಯಿ ಕಿರಿದು, ಒಳಗೆ ಮಡಿಕೆ ಮಡಿಕೆ. ಹೃತ್ಕರ್ಣ ಅದುರುವಾಗ ರಕ್ತ ಅಲ್ಲಿ ಮಡುಗಟ್ಟುತ್ತದೆ. ಕವಾಟದ ರೋಗವಿಲ್ಲದ ಎಎಫ್‌ನಲ್ಲಿ ಹೃತ್ಕರ್ಣದ ಹೆಪ್ಪುಗಳ ಪೈಕಿ ಸುಮಾರು 90% ಸಿಗುವುದು ಈ ಚೀಲದಲ್ಲಿ. ಅಬ್ಲೇಶನ್ ಕಟ್ಟೆ ಕಟ್ಟಿದ್ದು ಅಭಿಧಮನಿಯ ಬಾಯಿಗೆ, ಈ ಚೀಲ ಇದ್ದಲ್ಲೇ ಇದೆ. ಎಎಫ್ ನಿಮಗೆ ಗೊತ್ತಾಗದಂತೆ ನಿದ್ದೆಯಲ್ಲಿ ಬಂದುಹೋಗಲೂಬಹುದು.

ಮಾತ್ರೆ ಬೇಕೋ ಬೇಡವೋ ಎಂದು ಹೇಳುವುದು ಅಂಕಗಳ ಲೆಕ್ಕ, ಈಗಿನ ಬಡಿತವಲ್ಲ. ಹೃದಯ ವೈಫಲ್ಯ, ಬಿಪಿ, ಸಕ್ಕರೆ ಕಾಯಿಲೆ, ರಕ್ತನಾಳದ ರೋಗ, 65ರಿಂದ 74 ವಯಸ್ಸು, ಇವಕ್ಕೆ ಒಂದೊಂದು ಅಂಕ. 75 ದಾಟಿದ್ದರೆ ಎರಡು, ಹಿಂದೆ ಪಾರ್ಶ್ವವಾಯು ಆಗಿದ್ದರೆ ಎರಡು. ಒಟ್ಟು ಎರಡು ಬಂದರೆ ಮಾತ್ರೆ ಬೇಕು. ನಿಮ್ಮದು ಮೂರು. ಆಸ್ಪಿರಿನ್ ಇದಕ್ಕೆ ಬದಲಿಯಲ್ಲ. ರಕ್ತಸ್ರಾವದ ಭಯ ಉಳಿಯುತ್ತದೆ, ಪಾರ್ಶ್ವವಾಯು ತಡೆಯುವ ಗುಣ ಬರುವುದಿಲ್ಲ.

ನಿಮ್ಮ ಮಾತ್ರೆ ಎಪಿಕ್ಸಬಾನ್ ಆದರೆ 5 ಮಿ.ಗ್ರಾಂ. ದಿನಕ್ಕೆರಡು ಸಲ. ‘ತೂಕ 60 ಕೆಜಿಗಿಂತ ಕಡಿಮೆ’ ಎಂಬ ಒಂದೇ ಕಾರಣಕ್ಕೆ ಅರ್ಧ ಮಾಡಿಬಿಡುವುದು ನಮ್ಮಲ್ಲಿ ಬಹಳ ಕಾಣುವ ತಪ್ಪು. ವಯಸ್ಸು 80 ಅಥವಾ ಹೆಚ್ಚು, ತೂಕ 60 ಅಥವಾ ಕಡಿಮೆ, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 1.5 ಅಥವಾ ಹೆಚ್ಚು, ಈ ಮೂರರಲ್ಲಿ ಎರಡು ಇದ್ದರೆ ಮಾತ್ರ 2.5. ರಿವರಾಕ್ಸಬಾನ್ ಆದರೆ ಊಟದ ಜೊತೆಗೇ ತೆಗೆದುಕೊಳ್ಳಬೇಕು, ಖಾಲಿ ಹೊಟ್ಟೆಯಲ್ಲಿ ಪೂರ್ತಿ ಮೈಗೆ ಹತ್ತುವುದಿಲ್ಲ.

ಪ್ರಶ್ನೆ: ನಮ್ಮ ಅತ್ತಿಗೆಗೆ 34. ಚಿಕ್ಕಂದಿನ ಕೀಲುವಾತದ ಜ್ವರದಿಂದ ಹೃದಯದ ಕವಾಟ ಕಿರಿದಾಗಿದೆ, ಈಗ ಎಎಫ್ ಕೂಡ ಇದೆ. ರಕ್ತ ಎಷ್ಟು ತೆಳುವಾಗಿದೆ ಎಂದು ನೋಡುವ ಐಎನ್‌ಆರ್ ಪರೀಕ್ಷೆಗೆ ತಿಂಗಳಿಗೊಮ್ಮೆ ಊರಿಂದ ಬರಬೇಕು. ಪರೀಕ್ಷೆ ಬೇಡದ ಹೊಸ ಮಾತ್ರೆ ಇದೆಯಂತೆ. ಬದಲಿಸಬಹುದೇ? ಅಭಿಧಮನಿಗೆ ಅಬ್ಲೇಶನ್ ಮಾಡಿಸಿದರೆ?
– ಓದುಗರು, ರಾಯಚೂರು

ಉತ್ತರ: ಎರಡಕ್ಕೂ ‘ಈಗ ಬೇಡ’ ಎಂಬುದೇ ಉತ್ತರ. ಎಡ ಹೃತ್ಕರ್ಣಕ್ಕೂ ಎಡ ಹೃತ್ಕುಕ್ಷಿಗೂ ನಡುವಿನ ಮೈಟ್ರಲ್ ಕವಾಟದ ಬಾಯಿ ಸಹಜವಾಗಿ 4–6 ಚ.ಸೆಂ.ಮೀ. ಇರುತ್ತದೆ. 1.5ಕ್ಕೆ ಇಳಿದರೆ ತೀವ್ರ ಎನ್ನುತ್ತಾರೆ. ಬಾಗಿಲು ಕಿರಿದಾದಾಗ ಹಿಂದಿನ ಎಡ ಹೃತ್ಕರ್ಣ ಉಬ್ಬುತ್ತದೆ, ಒತ್ತಡ ಶ್ವಾಸಕೋಶದ ಅಭಿಧಮನಿಗಳಿಗೂ ಏರಿ ಮೆಟ್ಟಿಲು ಹತ್ತಿದರೆ ಏದುಸಿರು. ಬಾಗಿಲನ್ನು ಹಾಗೇ ಬಿಟ್ಟು ಅಭಿಧಮನಿಯ ಬಾಯಿಗೆ ಕಟ್ಟೆ ಕಟ್ಟಿ ಫಲವಿಲ್ಲ. ಮೊದಲು ಕವಾಟವನ್ನು ಬಲೂನಿನಿಂದ ಬಿಡಿಸಲು ಬರುತ್ತದೆಯೇ ಎಂದು ಕೇಳಿ. ಕವಾಟದ ಎಲೆಯಂಥ ಪದರ ಮೆತ್ತಗಿದ್ದು, ಸುಣ್ಣಗಟ್ಟಿರದೆ, ಸೋರಿಕೆ ಇಲ್ಲದಿದ್ದರೆ ಒಳ್ಳೆಯ ಫಲವಿದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಕಲಬುರಗಿಯಲ್ಲೂ ಇದೆ, ನಿಮಗೆ ಹತ್ತಿರ.

ಮಾತ್ರೆಯ ವಿಚಾರ 2022ರಲ್ಲಿ ಇತ್ಯರ್ಥವಾಗಿದೆ. ಇನ್ವಿಕ್ಟಸ್ ಎಂಬ ಅಧ್ಯಯನದಲ್ಲಿ ಇಂಥದೇ ಕವಾಟರೋಗ, ಎಎಫ್ ಇದ್ದ 4,500ಕ್ಕೂ ಹೆಚ್ಚು ಜನರಲ್ಲಿ ಹೊಸ ರಿವರಾಕ್ಸಬಾನನ್ನು ವಾರ್ಫರಿನ್ ಬಗೆಯ ಹಳೆಯ ಮಾತ್ರೆಗಳೊಂದಿಗೆ ಹೋಲಿಸಿದರು. ಹಳೆಯದನ್ನು ತೆಗೆದುಕೊಂಡವರಲ್ಲಿ ಸಾವು ಕಡಿಮೆ. ಆದ್ದರಿಂದ ವಾರ್ಫರಿನ್ ಅಥವಾ ಅದೇ ಬಗೆಯ ಅಸಿಟ್ರಾಂ, ಐಎನ್‌ಆರ್ 2ರಿಂದ 3.

ಸೊಪ್ಪು ಬಿಡಿಸಬೇಡಿ. ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ಶಕ್ತಿಯನ್ನು ತಗ್ಗಿಸುತ್ತದೆ ನಿಜ, ಆದರೆ ವಾರಕ್ಕೆ ಮೂರು ದಿನ ಸೊಪ್ಪಿನ ಪಲ್ಯ ತಿನ್ನುವವರು ಅಷ್ಟೇ ತಿನ್ನುತ್ತಿದ್ದರೆ ಮಾತ್ರೆಯನ್ನು ಅದಕ್ಕೆ ಹೊಂದಿಸಬಹುದು. ಕೆಡುವುದು ಒಂದು ವಾರ ಪೂರ್ತಿ ಬಿಟ್ಟು ಮರುವಾರ ದಿನಾ ತಿಂದಾಗ. ಮೈಕೈ ನೋವಿಗೆ ಅಂಗಡಿಯ ಡೈಕ್ಲೋಫೆನಾಕ್, ಬೇಧಿಗೆ ಮೆಟ್ರೊನಿಡಜೋಲ್ ತೆಗೆದುಕೊಂಡರೆ ರಕ್ತಸ್ರಾವವಾಗಬಹುದು. ಸೊಂಟಕ್ಕೆ ನೋವಿನ ಇಂಜೆಕ್ಷನ್ ಹಾಕಿಸಬೇಡಿ. ಆದರೆ ಕೀಲುವಾತದ ಜ್ವರ ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚಿಸುತ್ತಿದ್ದರೆ ಅದನ್ನು ನೀವಾಗಿ ನಿಲ್ಲಿಸಬೇಡಿ, ಐಎನ್‌ಆರ್ ಹದದಲ್ಲಿದೆಯೇ ನೋಡಿಕೊಂಡು ಮುಂದುವರಿಸಬೇಕು. ಮಗು ಬೇಕೆಂಬ ಯೋಚನೆಯಿದ್ದರೆ ಗರ್ಭ ನಿಲ್ಲುವ ಮೊದಲೇ ಹೇಳಲಿ. ವಾರ್ಫರಿನ್ ಮೊದಲ ಮೂರು ತಿಂಗಳಲ್ಲಿ ಭ್ರೂಣಕ್ಕೆ ಕೆಡುಕು.

ಪ್ರಶ್ನೆ: ಕಾಲಿನ ನರಗಳು ಗಂಟುಗಂಟಾಗಿ ಉಬ್ಬಿವೆ. ಬಡಿತ ತಪ್ಪುವುದು ಇದರಿಂದಲೇ?
– ಓದುಗರು, ಪುತ್ತೂರು

ಉತ್ತರ: ಅಲ್ಲ. ವೆರಿಕೋಸ್ ವೇನ್‌ನಲ್ಲಿ ಕೆಡುವುದು ಕಾಲಿನ ಅಭಿಧಮನಿಯ ಕವಾಟ, ಹೃದಯದ ಕರೆಂಟ್ ಅಲ್ಲ. ಒಂದು ಕಾಲು ಮಾತ್ರ ತಟ್ಟನೆ ಊದಿ, ಮೀನಖಂಡ ನೋಯತೊಡಗಿದರೆ ಬೇರೆ ವಿಷಯ. ಅದು ಆಳದ ಅಭಿಧಮನಿಯಲ್ಲಿ ಹೆಪ್ಪು ಇರಬಹುದು, ಅಲ್ಲಿಂದ ಕಳಚಿ ಶ್ವಾಸಕೋಶಕ್ಕೆ ಹೋದರೆ ಏದುಸಿರಿನ ಜೊತೆ ಎಎಫ್ ಕೂಡ ಕಾಣಿಸಿಕೊಳ್ಳಬಹುದು. ಅಂದೇ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ.

ಪ್ರಶ್ನೆ: ವಯಸ್ಸು 29. ಬಗ್ಗಿ ಎದ್ದಾಗ ಥಟ್ಟನೆ ಬಡಿತ 190ಕ್ಕೆ ಹೋಗುತ್ತದೆ, ಕುತ್ತಿಗೆಯಲ್ಲಿ ಪಟಪಟ ಬಡಿಯುತ್ತದೆ, ಇಪ್ಪತ್ತು ನಿಮಿಷದಲ್ಲಿ ಥಟ್ಟನೆ ನಿಲ್ಲುತ್ತದೆ. ಆಮೇಲೆ ಪದೇಪದೇ ಮೂತ್ರ. ಎಎಫ್ ಬಂತೇ?
– ಓದುಗರು, ಹುಬ್ಬಳ್ಳಿ

ಉತ್ತರ: ನೀವು ಬರೆದಿರುವ ಲಕ್ಷಣ ಎಎಫ್‌ನದಲ್ಲ, ಎವಿ ನೋಡ್‌ನ ಪಕ್ಕದಲ್ಲಿ ಕರೆಂಟ್ ಗಿರಗಿರ ಸುತ್ತುವ ಎಸ್‌ವಿಟಿಯದು. ಎವಿ ನೋಡ್‌ಗೆ ಬರುವ ದಾರಿ ಕೆಲವರಲ್ಲಿ ಎರಡಿರುತ್ತದೆ, ಒಂದು ವೇಗದ್ದು, ಇನ್ನೊಂದು ಕರೊನರಿ ಸೈನಸ್ಸಿನ ಬಾಯಿಯ ಬಳಿ ಹಾಯುವ ನಿಧಾನದ್ದು. ಒಂದರಲ್ಲಿ ಇಳಿದ ಕರೆಂಟ್ ಇನ್ನೊಂದರಲ್ಲಿ ಹತ್ತಿದರೆ ಸುತ್ತು ಶುರು. ಆಗ ಮೇಲಿನ, ಕೆಳಗಿನ ಕೋಣೆಗಳು ಒಟ್ಟಿಗೇ ಬಡಿಯುತ್ತವೆ. ಮುಚ್ಚಿದ ಕವಾಟಕ್ಕೆ ಎದುರಾಗಿ ಬಲ ಹೃತ್ಕರ್ಣ ಹಿಂಡಿದಾಗ ರಕ್ತ ಹಿಂದಕ್ಕೆ, ಕುತ್ತಿಗೆಯ ಅಭಿಧಮನಿಗೆ ಚಿಮ್ಮುತ್ತದೆ. ಕುತ್ತಿಗೆಯ ಪಟಪಟ ಅದೇ. ಹಿಗ್ಗಿದ ಹೃತ್ಕರ್ಣ ಬಿಡುವ ಹಾರ್ಮೋನಿನಿಂದ ಮೂತ್ರ ಹೆಚ್ಚು.

ಬಂದಾಗ ಹೀಗೆ ಮಾಡಿ. ಹಿಂದಕ್ಕೆ ಅರ್ಧ ಒರಗಿ ಕೂತು, 10 ಮಿ.ಲೀ. ಖಾಲಿ ಸಿರಿಂಜಿನ ತುದಿಗೆ ಬಾಯಿಟ್ಟು, ಒಳಗಿನ ದಂಡ ಅಲುಗುವಷ್ಟು ಬಲವಾಗಿ 15 ಸೆಕೆಂಡ್ ಊದಿ. ತಕ್ಷಣ ಅಂಗಾತ ಮಲಗಿ, ಇನ್ನೊಬ್ಬರು ನಿಮ್ಮ ಕಾಲುಗಳನ್ನು 45 ಡಿಗ್ರಿ ಎತ್ತಿ 15 ಸೆಕೆಂಡ್ ಹಿಡಿಯಲಿ. 2015ರ ಒಂದು ಅಧ್ಯಯನದಲ್ಲಿ ಹೀಗೆ ಮಾಡಿದ 43% ಜನರಿಗೆ ಬಡಿತ ಸರಿಹೋಯಿತು. ಬರೀ ಊದಿದವರಲ್ಲಿ 17% ಮಾತ್ರ. ತಲೆಸುತ್ತು, ಎದೆನೋವು ಇದ್ದರೆ ಇದನ್ನೆಲ್ಲ ಬಿಟ್ಟು ಆಸ್ಪತ್ರೆಗೆ ಹೋಗಿ.

ಬಡಿತ ಓಡುತ್ತಿರುವಾಗಲೇ ಒಂದು ಇಸಿಜಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಬಡಿತ ಸರಿಯಿದ್ದಾಗಲೂ ಒಂದು ತೆಗೆಸಿ, ಹುಟ್ಟಿನಿಂದ ಬಂದ ಅಡ್ಡದಾರಿ, ಅಂದರೆ ಡಬ್ಲ್ಯುಪಿಡಬ್ಲ್ಯು ಇದೆಯೇ ಎಂದು ಕೇಳಿ. ಅದಿದ್ದವರಿಗೆ ಎಎಫ್ ಬಂದಾಗ, ಬಡಿತ ತಗ್ಗಿಸಲು ಕೊಡುವ ವೆರಪಾಮಿಲ್ ಚುಚ್ಚಿದರೆ ಅಪಾಯ. ನಿಮ್ಮದು ಬರೀ ನಿಧಾನದಾರಿಯ ಸುತ್ತೇ ಆಗಿದ್ದರೆ, ಅಬ್ಲೇಶನ್‌ನಿಂದ ನೂರರಲ್ಲಿ 95ಕ್ಕೂ ಹೆಚ್ಚು ಜನರಿಗೆ ಪೂರ್ತಿ ವಾಸಿ.

ಪ್ರಶ್ನೆ: ಮನೆಯ ಬಿಪಿ ಮಿಷನ್ನಿನಲ್ಲಿ ಬಡಿತ ಸರಿಯಿಲ್ಲವೆಂಬ ಗುರುತು ಬರುತ್ತದೆ. ನಂಬಬಹುದೇ?
– ಓದುಗರು, ತುಮಕೂರು

ಉತ್ತರ: ಗುರುತನ್ನು ನಂಬಿ, ರೋಗದ ಹೆಸರಿಗೆ ಇಸಿಜಿ ಕಾಯಿರಿ. ಐದು ನಿಮಿಷ ಕೂತು, ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಡುನಡುವೆ ಒಂದು ಬಡಿತ ತಪ್ಪಿ ಮತ್ತೆ ತಾಳಕ್ಕೆ ಬಂದರೆ ಹೆಚ್ಚಾಗಿ ಅದು ಬಿಡಿಬಿಡಿ ಹೆಚ್ಚುವರಿ ಬಡಿತ. ತಾಳವೇ ಸಿಗದಿದ್ದರೆ ಎಎಫ್ ಎಂದು ಶಂಕಿಸಬೇಕು. ಅಂಥ ಹೊತ್ತಿನಲ್ಲಿ ಬಿಪಿಯ ಅಂಕಿಯೂ ಒಂದೊಂದು ಸಲ ಒಂದೊಂದು ಬರುತ್ತದೆ, ಮೂರು ಸಲ ನೋಡಿ ಸರಾಸರಿ ಬರೆದಿಡಿ. ಇಸಿಜಿ ತೆಗೆಯುವ ವಾಚ್ ಮನೆಯಲ್ಲಿ ಯಾರ ಬಳಿಯಾದರೂ ಇದ್ದರೆ, ಆ ಗಳಿಗೆಯಲ್ಲೇ 30 ಸೆಕೆಂಡಿನ ಪಟ್ಟಿ ತೆಗೆದು ಉಳಿಸಿಕೊಳ್ಳಿ. ವೈದ್ಯರಿಗೆ ತೋರಿಸಬೇಕಾದ್ದು ಆ ಪಟ್ಟಿಯ ಗೆರೆಗಳನ್ನು, ಕೆಳಗೆ ವಾಚ್ ಬರೆದ ತೀರ್ಪನ್ನಲ್ಲ.